ಕ್ರೆಪಸ್ಕ್ಯುಲರ್ ಪದದ ಬೆನ್ನು ಹತ್ತಿ

ಕಾಡುಪ್ರಾಣಿಗಳ ಬಗ್ಗೆ ಶಾಲೆ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತೇನೆ. ಮೊಲದ ಬಗ್ಗೆ ಓದುವಾಗ ‘ಕ್ರೆಪಸ್ಕ್ಯುಲರ್’ ಎಂಬ ಗುಣವಾಚಕ ಎದುರಾಯಿತು. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿ ಓಡಾಡುವ ಪ್ರಾಣಿಗೆ ಹಾಗೆನ್ನುತ್ತಾರೆ. ಅರ್ಥವೇನೋ ನಿಘಂಟಿನಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಪದದ ಮೂಲ ಗೊತ್ತಾಗದೆ ಅದಕ್ಕೊಂದು ಕನ್ನಡ ಮಾತು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಇಂಥ ಪದ ಸಿಕ್ಕರೆ ಮೊದಲು ಅದರ ಬಾಲ ಬಿಡಿಸುತ್ತೇನೆ. ಸೋಲಾರ್, ಲೂನಾರ್ ಪದಗಳ ಕೊನೆಯ ‘ಆರ್’ ಇಲ್ಲೂ ಇದೆ. ಅದು ಹೋದರೆ ಲ್ಯಾಟಿನ್‌ನ ‘ಕ್ರೆಪುಸ್ಕುಲುಮ್’ ಸಿಗುತ್ತದೆ, ಅಂದರೆ ಮಬ್ಬುಗತ್ತಲ ಹೊತ್ತು. ಅದರ ಬೇರು ‘ಕ್ರೆಪೆರ್’, ಮಬ್ಬಾದದ್ದು.

ಕ್ರಿ.ಪೂ. 1ನೇ ಶತಮಾನದ ರೋಮನ್ ಪಂಡಿತ ವಾರೊ ಈ ಪದದ ಬಗ್ಗೆ ಬರೆದಿದ್ದಾನೆ. ರೋಮನ್ನರು ಇದನ್ನು ನೆರೆಯ ಸಬೈನ್ ಜನರಿಂದ ಪಡೆದರಂತೆ. ಅಮಿಟೆರ್ನುಮ್ ಊರಿನಲ್ಲಿ ಈ ಹೊತ್ತಿನಲ್ಲಿ ಹುಟ್ಟಿದವರಿಗೆ ಕ್ರೆಪುಸ್ಕುಸ್ ಎಂದೇ ಹೆಸರಿಡುತ್ತಿದ್ದರಂತೆ. ರೆಆಟೆ ಕಡೆ ಇದಕ್ಕೆ ‘ಅನುಮಾನ’ ಎಂಬ ಅರ್ಥವೂ ಇತ್ತು ಅನ್ನುತ್ತಾನೆ. ಇದನ್ನು ಓದಿ ನನಗೆ ತುಂಬಾ ಖುಷಿಯಾಯಿತು. ಹಗಲೋ ಇರುಳೋ ಹೇಳಲಾಗದ ಹೊತ್ತು ಅಲ್ವಾ ಅದು!

ಕನ್ನಡಕ್ಕೆ ತರುವಾಗ ಇನ್ನೊಂದು ವಿಷಯ ಕಂಡಿತು. ಲ್ಯಾಟಿನ್‌ನಲ್ಲಿ ಕ್ರೆಪುಸ್ಕುಲುಮ್ ಜಾಸ್ತಿ ಬಳಕೆಯಾಗಿದ್ದು ಸಂಜೆಗೆ. ನಸುಕಿಗೆ ‘ದಿಲೂಕುಲುಮ್’ ಎಂಬ ಬೇರೆ ಪದವೇ ಇತ್ತು. ಇಂಗ್ಲಿಷ್ ಪ್ರಾಣಿಶಾಸ್ತ್ರದಲ್ಲಿ ಅದು ಎರಡು ಹೊತ್ತಿಗೂ ಹರಡಿತು. ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ಸಂಸ್ಕೃತದ ಸಂಧ್ಯೆ ಬೆಳಗಿಗೂ ಸಲ್ಲುತ್ತದೆ, ಸಂಜೆಗೂ ಸಲ್ಲುತ್ತದೆ. ಸಂಧ್ಯಾವಂದನೆಯನ್ನು ಎರಡು ಹೊತ್ತೂ ಮಾಡುತ್ತಾರಲ್ಲ. ಅದೇ ಪದ ಕನ್ನಡದಲ್ಲಿ ‘ಸಂಜೆ’ಯಾದಾಗ ಬೆಳಗು ಬಿಟ್ಟುಹೋಯಿತು.

ನಿಶಾಚರಿಗೆ ಜೋಡಿಯಾಗಿ ‘ಸಂಧ್ಯಾಚರಿ’ ಅನ್ನಬಹುದಿತ್ತು. ಆದರೆ ಮಕ್ಕಳು ಅದನ್ನು ಬರೀ ಸಂಜೆ ಎಂದೇ ತಿಳಿಯುತ್ತಾರೆ. ಮುಸ್ಸಂಜೆ ಅಂದರೂ ಅದೇ ತೊಡಕು. ಹಾಗಾಗಿ ‘ಮಬ್ಬುಗತ್ತಲಲ್ಲಿ ಓಡಾಡುವ’ ಎಂದು ಬರೆದೆ. ಮಬ್ಬು ಎರಡು ಹೊತ್ತಿಗೂ ಒಪ್ಪುತ್ತದೆ, ಕ್ರೆಪೆರ್‌ನ ಮೂಲ ಅರ್ಥಕ್ಕೂ ಹತ್ತಿರ. ನಸುಕಿಗೆ ಮಾತ್ರ ಸಲ್ಲುವ ‘ಮ್ಯಾಟುಟಿನಲ್’, ಸಂಜೆಗೆ ಮಾತ್ರ ಸಲ್ಲುವ ‘ವೆಸ್ಪರ್ಟೈನ್’ ಪದಗಳಿಗೆ ಇಷ್ಟು ತಿಣುಕಬೇಕಿಲ್ಲ. ನಸುಕು, ಮುಸ್ಸಂಜೆ ಎರಡೂ ನಮ್ಮಲ್ಲಿ ಸಿದ್ಧವಾಗಿಯೇ ಇವೆ.