ನೆಲವಿದ್ದೂ ಅಡಮಾನವಿಲ್ಲದ ಕಡೆ ಸಾಲ ಕೊಡುವುದು: ಲಕೋಟಾ ಜನರ ನಡುವೆ ನನ್ನ ಅನುಭವ

ಅಮೆರಿಕದ ಸೌತ್ ಡಕೋಟಾ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಲಕೋಟಾ ಮೂಲನಿವಾಸಿಗಳ ಮೀಸಲು ಪ್ರದೇಶವೊಂದರಲ್ಲಿ, ಸಣ್ಣ ಉದ್ಯಮಗಳಿಗೆ ಸಾಲ ಮತ್ತು ತರಬೇತಿ ನೀಡುವ ಸಮುದಾಯ ನಿಧಿಯೊಂದರಲ್ಲಿ ನಾನು ಸಾಲಾಧಿಕಾರಿಯಾಗಿದ್ದೇನೆ. ಇಲ್ಲಿಗೆ ಬರುವ ಮುನ್ನ ಕೋಲಾರದ ಕಡೆ ಸ್ವಸಹಾಯ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದುದರಿಂದ ಅಡಮಾನವಿಲ್ಲದ ಸಾಲ ನನಗೆ ಹೊಸದಲ್ಲ. ಆದರೆ ಕುಟುಂಬದ ಹೆಸರಿನಲ್ಲಿ ನೂರಾರು ಎಕರೆ ಹುಲ್ಲುಗಾವಲಿದ್ದರೂ ಅದರ ಮೇಲೆ ಒಂದು ಡಾಲರ್ ಸಾಲ ಹುಟ್ಟದ ಸ್ಥಿತಿಯನ್ನು ನಾನು ಕಂಡದ್ದು ಇಲ್ಲಿಯೇ.

ಇದರ ಮೂಲ 1887ರ ಡಾಸ್ ಕಾಯಿದೆಯಲ್ಲಿದೆ. ಬುಡಕಟ್ಟುಗಳು ಒಟ್ಟಾಗಿ ಹೊಂದಿದ್ದ ನೆಲವನ್ನು ಆ ಕಾಯಿದೆ ವ್ಯಕ್ತಿಗಳಿಗೆ ತುಂಡು ತುಂಡಾಗಿ ಹಂಚಿ, ಹಂಚಿ ಉಳಿದದ್ದನ್ನು ಹೊರಗಿನವರಿಗೆ ಬಿಟ್ಟುಕೊಟ್ಟಿತು. 1934ರಲ್ಲಿ ಈ ಹಂಚಿಕೆ ನಿಂತಿತಾದರೂ, ಆಗ ಉಳಿದಿದ್ದ ನೆಲದ ಒಡೆತನವು ಫೆಡರಲ್ ಸರ್ಕಾರದ ಟ್ರಸ್ಟ್‌ನಲ್ಲಿಯೇ ಮುಂದುವರಿಯಿತು. ಸರ್ಕಾರದ ಒಪ್ಪಿಗೆಯಿಲ್ಲದೆ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಮೂಲ ಹಿಡುವಳಿದಾರರು ತೀರಿಕೊಂಡಂತೆ ವಾರಸುದಾರರು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತ ಹೋಗಿ, ಈಗ ಒಂದೊಂದು ತುಂಡಿಗೆ ಹತ್ತಾರು, ಕೆಲವೆಡೆ ನೂರಾರು ಪಾಲುದಾರರಿದ್ದಾರೆ. ಪಹಣಿಯಲ್ಲಿ ನಾಲ್ಕು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೇ ಬ್ಯಾಂಕಿನವರು ಎಷ್ಟು ಓಡಾಡಿಸುತ್ತಾರೆಂದು ಬಲ್ಲ ನಮ್ಮ ಓದುಗರಿಗೆ ಇದರ ತೊಡಕು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುತ್ತಿಗೆಯ ನಿಯಮಗಳನ್ನು ಫೆಡರಲ್ ಸರ್ಕಾರದಿಂದ ಒಮ್ಮೆ ಅನುಮೋದಿಸಿಕೊಂಡ ಬುಡಕಟ್ಟು, ತನ್ನ ನೆಲದ ಗುತ್ತಿಗೆಗಳಿಗೆ ತಾನೇ ಮಂಜೂರಾತಿ ನೀಡಬಹುದೆಂದು 2012ರ ಹಾರ್ತ್ ಕಾಯಿದೆ ಹೇಳುತ್ತದೆ. ಆದರೆ ಅದು ಬುಡಕಟ್ಟಿನ ಸಾಮೂಹಿಕ ನೆಲಕ್ಕೆ ಅನ್ವಯಿಸುತ್ತದೆಯೇ ಹೊರತು, ವಾರಸುದಾರರಲ್ಲಿ ಚೂರಾದ ವೈಯಕ್ತಿಕ ತುಂಡುಗಳಿಗೆ ಅಲ್ಲ.

ಹೀಗಾಗಿ ನಾವು ನೆಲವನ್ನು ನಂಬುವುದನ್ನು ಬಿಟ್ಟು ಚಕ್ರವನ್ನು ನಂಬಿದೆವು. ಟ್ರಕ್ಕು, ಟ್ರೇಲರ್, ತಿಂಡಿ ಮಾರುವ ಗಾಡಿ ಇವುಗಳಿಗೆ ರಾಜ್ಯದ ಒಡೆತನ ಪತ್ರವಿರುತ್ತದೆ, ನಮ್ಮಲ್ಲಿ ಆರ್‌ಸಿ ಪುಸ್ತಕದಲ್ಲಿ ಹೈಪಾಥಿಕೇಶನ್ ಬರೆಸುವಂತೆ ಅದರ ಮೇಲೆ ಸಾಲದ ಹಕ್ಕನ್ನು ನಮೂದಿಸಬಹುದು. ಟೈರ್ ರಿಪೇರಿ ಮಾಡುತ್ತಿದ್ದ ಒಬ್ಬರು ಶೆಡ್ ಕಟ್ಟಲು ಸಾಲ ಕೇಳಿಕೊಂಡು ಬಂದಿದ್ದರು. ಶೆಡ್ಡಿಗೆ ಬೇಕಾದ ನೆಲಕ್ಕೆ ಅವರ ತಾಯಿಯ ಕಡೆಯ ಅಷ್ಟೂ ಪಾಲುದಾರರನ್ನು ಹುಡುಕಿ ಸಹಿ ಹಾಕಿಸಬೇಕಿತ್ತು. ಅದರ ಬದಲು ಉದ್ದನೆಯ ಟ್ರೇಲರ್ ಒಂದಕ್ಕೆ ಕಂಪ್ರೆಸರ್, ಜನರೇಟರ್ ಮತ್ತು ಟೈರ್ ಬಿಚ್ಚುವ ಯಂತ್ರವನ್ನು ಬೋಲ್ಟ್ ಹಾಕಿ ಕೂರಿಸಲು ಸಾಲ ಕೊಟ್ಟೆವು. ಇಲ್ಲಿನ ಜಲ್ಲಿ ರಸ್ತೆಗಳಲ್ಲಿ ಟೈರ್ ಬೇಗ ಹಾಳಾಗುತ್ತದೆ. ಪಂಕ್ಚರ್ ಆದ ಗಾಡಿಯನ್ನು ಮೀಸಲು ಪ್ರದೇಶದ ಗಡಿಯಾಚೆಯ ಪಟ್ಟಣಕ್ಕೆ ಒಯ್ಯಲು ಒಂದು ಗಂಟೆಯ ದಾರಿ. ಅಂಗಡಿಯೇ ಹುಲ್ಲುಗಾವಲಿನ ನಡುವೆ ನಿಂತ ಗಾಡಿಯ ಬಳಿಗೆ ಹೋಗುವಂತಾದಾಗ ಶೆಡ್ಡಿನಲ್ಲಿ ಸಿಗದಿದ್ದ ಗಿರಾಕಿಗಳೂ ಅವರಿಗೆ ಸಿಕ್ಕರು.

ಅಡಮಾನದ ಪ್ರಶ್ನೆ ಹೀಗೆ ಬಗೆಹರಿದರೂ ಸಾಲಚರಿತ್ರೆಯ ಪ್ರಶ್ನೆ ಉಳಿಯುತ್ತದೆ. ಅರ್ಜಿದಾರರಲ್ಲಿ ಅನೇಕರಿಗೆ ಕ್ರೆಡಿಟ್ ಸ್ಕೋರ್ ಕೆಟ್ಟಿರುವುದಲ್ಲ, ಸ್ಕೋರೇ ಇರುವುದಿಲ್ಲ. ಅಂಥವರಿಗೆ ಮೊದಲು ಒಂದು ಚಿಕ್ಕ ಸಾಲ ಮಂಜೂರು ಮಾಡಿ, ಹಣವನ್ನು ಕೈಗೆ ಕೊಡದೆ ಅವರದೇ ಉಳಿತಾಯ ಖಾತೆಯಲ್ಲಿ ತಡೆಹಿಡಿಯುತ್ತೇವೆ. ಅವರು ಕಟ್ಟುವ ಪ್ರತಿ ಕಂತೂ ಕ್ರೆಡಿಟ್ ಸಂಸ್ಥೆಗಳಲ್ಲಿ ದಾಖಲಾಗುತ್ತದೆ, ಕಂತು ಮುಗಿದಾಗ ಹಣ ಅವರದಾಗುತ್ತದೆ. ಇದಕ್ಕೆ ಜೊತೆಯಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಉಚಿತವಾಗಿ ತೆರಿಗೆ ವಿವರ ಸಲ್ಲಿಸಿಕೊಡುತ್ತೇವೆ, ಏಕೆಂದರೆ ಕಡಿಮೆ ಆದಾಯದ ದುಡಿಯುವ ಕುಟುಂಬಕ್ಕೆ ವರ್ಷದಲ್ಲಿ ಒಮ್ಮೆ ಒಟ್ಟಾಗಿ ಕೈಗೆ ಬರುವ ಹಣವೆಂದರೆ ತೆರಿಗೆ ಮರುಪಾವತಿ. ಉದ್ಯಮಕ್ಕೆ ಬೇಕಾದ ಸ್ವಂತ ಬಂಡವಾಳ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತದೆ. ವ್ಯವಹಾರ ಯೋಜನೆ ಬರೆಸುವ ತರಗತಿಗಳಿಗಿಂತ ಈ ಎರಡು ಕೆಲಸಗಳಿಂದಲೇ ಹೆಚ್ಚು ಪ್ರಯೋಜನವಾಗಿದೆ ಎಂಬುದು ನನ್ನ ಅಭಿಪ್ರಾಯ, ತರಗತಿಗಳಿಗೆ ಅನುದಾನ ಸುಲಭವಾಗಿ ಸಿಗುತ್ತದೆಂಬುದು ಬೇರೆ ಮಾತು.

ಗುಂಪು ಸಾಲ ಇಲ್ಲಿ ಯಾಕಿಲ್ಲ ಎಂದು ಊರಿನ ಹಳೆಯ ಸಹೋದ್ಯೋಗಿಗಳು ಕೇಳುವುದುಂಟು. ಇದೇ ರಾಜ್ಯದ ಪೈನ್ ರಿಡ್ಜ್ ಎಂಬ ಲಕೋಟಾ ಮೀಸಲು ಪ್ರದೇಶದಲ್ಲಿ 1986ರಲ್ಲಿ ಆರಂಭವಾದ ಲಕೋಟಾ ಫಂಡ್ ಎಂಬ ಸಾಲ ನಿಧಿ, ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಮಾದರಿಯಿಂದ ಪ್ರೇರಣೆ ಪಡೆದು ಗುಂಪು ಸಾಲವನ್ನೇ ಮೊದಲು ನೀಡಿ, ಮುಂದೆ ವೈಯಕ್ತಿಕ ಸಾಲಗಳತ್ತ ತಿರುಗಿತು. ನಾನು ಕಂಡಂತೆ ಮೊದಲ ಅಡ್ಡಿ ದೂರ: ಸದಸ್ಯರ ಮನೆಗಳು ಒಂದಕ್ಕೊಂದು ಹತ್ತಾರು ಮೈಲಿ ಅಂತರದಲ್ಲಿರುವಾಗ, ಅದೂ ಹಿಮ ಬೀಳುವ ತಿಂಗಳುಗಳಲ್ಲಿ, ವಾರದ ಸಭೆ ನಡೆಯುವುದಿಲ್ಲ. ಎರಡನೆಯದಾಗಿ, ಇಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಕಂತು ತಪ್ಪಿಸಿದ ಸೋದರತ್ತೆಯನ್ನು ಸಭೆಯಲ್ಲಿ ನಿಲ್ಲಿಸಿ ಕೇಳುವುದು ಯಾರಿಂದಲೂ ಆಗದ ಮಾತು.

ಈ ನೆಂಟಸ್ತಿಕೆಯೇ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯೂ ಬಂದು ನಿಲ್ಲುತ್ತದೆ. ತಿಯೋಶ್ಪಾಯೆ ಎಂದು ಲಕೋಟಾ ಜನರು ಕರೆಯುವ ದೊಡ್ಡ ಕುಟುಂಬದಲ್ಲಿ, ಇದ್ದವರು ಇಲ್ಲದವರಿಗೆ ಕೊಡುವುದು ಸಹಜ ಕರ್ತವ್ಯ. ಉದ್ರಿ ಕೊಟ್ಟು ಅಂಗಡಿ ಮುಳುಗುತ್ತದೆ, ಕೊಡದಿದ್ದರೆ ಊರಿನಲ್ಲಿ ಮುಖ ತೋರಿಸಲಾಗುವುದಿಲ್ಲ. ಹೊರಗಿನಿಂದ ಬರುವ ತರಬೇತುದಾರರು ಮನೆ ಬೇರೆ, ವ್ಯಾಪಾರ ಬೇರೆ ಎಂದು ಬೋಧಿಸಿ ಹೊರಟುಹೋಗುತ್ತಾರೆ. ನಾನು ದಿನಸಿ ಅಂಗಡಿಯ ಒಬ್ಬ ಒಡತಿಯ ಜೊತೆ ಕುಳಿತು ನಗದು ಲೆಕ್ಕದ ಹಾಳೆಯಲ್ಲಿ ಬಾಡಿಗೆ, ವಿದ್ಯುತ್ತಿನ ಸಾಲುಗಳ ಕೆಳಗೆ ಕೊಡುಗೆ ಎಂಬ ಇನ್ನೊಂದು ಸಾಲನ್ನು ಸೇರಿಸಿದೆ. ತಿಂಗಳಿಗೆ ಎಷ್ಟು ಕೊಡಬಹುದೆಂದು ನಿರ್ಧರಿಸಿದವರು ಅವರೇ. ಆ ಮೊತ್ತ ತೀರುವವರೆಗೆ ಕೇಳಿದವರಿಗೆ ಸಾಮಾನು ಹೋಗುತ್ತದೆ, ಅದನ್ನು ಉದ್ರಿಯೆಂದು ಬರೆದು ವಸೂಲಿಗೆ ಕಾಯುವುದಿಲ್ಲ. ತೀರಿದ ಮೇಲೆ ಈ ತಿಂಗಳಿನದು ಮುಗಿಯಿತೆಂದು ಹೇಳುತ್ತಾರೆ. ಕೊಡಲಾರೆ ಎನ್ನುವುದಕ್ಕೂ ಕೊಟ್ಟಾಗಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸ ನೆಂಟರಿಗೆ ತಿಳಿಯುತ್ತದೆ. ನಮ್ಮ ಸಾಲ ಸಮಿತಿಯ ಸದಸ್ಯರೊಬ್ಬರು ಈ ಸಾಲನ್ನು ಕಂಡು ಹುಬ್ಬೇರಿಸಿದ್ದರು, ಈಗ ಅವರೇ ಹೊಸ ಅರ್ಜಿಗಳಲ್ಲಿ ಅದನ್ನು ಹುಡುಕುತ್ತಾರೆ.

ನಕ್ಷತ್ರದ ವಿನ್ಯಾಸದ ಕೌದಿ ಹೊಲಿಯುವ ಮಹಿಳೆಯರ ಲೆಕ್ಕವೂ ಹೀಗೆಯೇ ಇಬ್ಬಗೆಯದು. ಪದವಿ ಸಮಾರಂಭಕ್ಕೂ ಸತ್ತವರ ಸ್ಮರಣೆಗೂ ಈ ಕೌದಿಗಳನ್ನು ಕೊಡುವ ರೂಢಿಯಿರುವುದರಿಂದ ಊರೊಳಗೇ ಬೇಡಿಕೆಯಿದೆ, ಆದರೆ ಊರವರಿಗೆ ಹೇಳುವ ಬೆಲೆಯಲ್ಲಿ ಹೊಲಿದವರ ಕೂಲಿ ಹುಟ್ಟುವುದಿಲ್ಲ. ಆದ್ದರಿಂದ ಪ್ರವಾಸಿಗರಿಗೆ ಬೇರೆ ಬೆಲೆ ನಿಗದಿಪಡಿಸಿದೆವು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಹೇಳಿ ಮಾರುವುದು 1990ರ ಕಾಯಿದೆಯ ಪ್ರಕಾರ ಅಪರಾಧ. ಆ ಕಾಯಿದೆಯ ಬಲದಿಂದ, ಹೊಲಿದವರ ಹೆಸರನ್ನೂ ಬುಡಕಟ್ಟನ್ನೂ ಬರೆದ ಚೀಟಿಯನ್ನು ಪ್ರತಿ ಕೌದಿಗೂ ಸೇರಿಸುತ್ತೇವೆ.

ಇನ್ನೂ ದಾರಿ ಕಾಣದಿರುವುದು ಕಟ್ಟಡಗಳ ವಿಷಯದಲ್ಲಿ. ಎಲ್ಲ ವ್ಯಾಪಾರವನ್ನೂ ಚಕ್ರದ ಮೇಲೆ ನಡೆಸಲಾಗುವುದಿಲ್ಲ: ಕ್ಷೌರದಂಗಡಿಗೆ ನೀರಿನ ಸಂಪರ್ಕ ಬೇಕು, ಬೇಕರಿಗೆ ಆರೋಗ್ಯ ಇಲಾಖೆ ಒಪ್ಪುವ ಅಡುಗೆಮನೆ ಬೇಕು. ಬುಡಕಟ್ಟಿನ ಸಾಮೂಹಿಕ ನೆಲದಲ್ಲಿ ಒಂದೇ ಗುತ್ತಿಗೆಯಡಿ ನಿಧಿಯೇ ಕಟ್ಟಡ ಕಟ್ಟಿ, ಅದರಲ್ಲಿ ಐದಾರು ಮಳಿಗೆಗಳನ್ನು ಬಾಡಿಗೆಗೆ ಕೊಡುವ ಪ್ರಸ್ತಾಪವನ್ನು ಬುಡಕಟ್ಟು ಮಂಡಳಿಯ ಮುಂದಿಟ್ಟಿದ್ದೇವೆ. ಟೈರಿನವರು ಅದರಲ್ಲೊಂದು ಮಳಿಗೆಗೆ ಹೆಸರು ಬರೆಸಿದ್ದಾರೆ, ಮಂಜೂರಾತಿ ಬರುವವರೆಗೆ ಕಾಯದೆ ಎರಡನೆಯ ಟ್ರೇಲರ್‌ಗೂ ಅರ್ಜಿ ಹಾಕಿದ್ದಾರೆ.