ಅಬೊರಿಜಿನಲ್ ಮಹಿಳೆಯರ ಹೋರಾಟಕ್ಕೆ ಅಂಕಿಗಳನ್ನು ಜೋಡಿಸಿಕೊಟ್ಟದ್ದು: ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಅಬೊರಿಜಿನಲ್, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯರೇ ಕಟ್ಟಿ ನಡೆಸುತ್ತಿರುವ ಒಂದು ಕಾನೂನು ನೆರವು ಸಂಸ್ಥೆಯಲ್ಲಿ ಕೆಲವು ವರ್ಷ ಡೇಟಾ ಕೆಲಸ ನೋಡಿಕೊಂಡೆ. ಗಂಡನಿಂದಲೋ ಜೊತೆಗಾರನಿಂದಲೋ ಮನೆಯ ಇನ್ಯಾರಿಂದಲೋ ಹೊಡೆತ ತಿಂದು, ಬೆದರಿಕೆಗೆ ಅಂಜಿ ಬಂದವರಿಗೆ ಅಲ್ಲಿ ವಕೀಲರು ಸಿಗುತ್ತಾರೆ, ಕೋರ್ಟಿಗೆ ಜೊತೆಯಲ್ಲಿ ಬರುವವರು ಸಿಗುತ್ತಾರೆ, ಮಕ್ಕಳು ಕೈತಪ್ಪಿ ಹೋಗದಂತೆ ನೋಡಿಕೊಳ್ಳುವವರು ಸಿಗುತ್ತಾರೆ. ಅವರು ಸರ್ಕಾರದ ಮುಂದೆ, ವಿಚಾರಣಾ ಸಮಿತಿಗಳ ಮುಂದೆ ಮಾತಿಗೆ ನಿಂತಾಗ ಕೈಯಲ್ಲಿ ಗಟ್ಟಿ ಅಂಕಿಗಳಿರಬೇಕು. ಅದನ್ನು ಒದಗಿಸುವುದು ನನ್ನ ಪಾಲಿನ ಕೆಲಸ. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳ ಡೇಟಾ ನೋಡುತ್ತಿದ್ದೆ. ಎಸ್‌ಕ್ಯೂಎಲ್, ಎಕ್ಸೆಲ್ ಎರಡೂ ಕಡೆ ಒಂದೇ. ಉಳಿದದ್ದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. ಆಸ್ಟ್ರೇಲಿಯಾದ ಆರೋಗ್ಯ, ಪೊಲೀಸ್, ಸಮಾಜಸೇವಾ ಡೇಟಾದಲ್ಲಿ ಈಗ ನಮ್ಮ ಕಡೆಯವರು ಎಷ್ಟೋ ಮಂದಿ ಕೆಲಸ ಮಾಡುತ್ತಿದ್ದಾರೆ. ಅವರ ಉಪಯೋಗಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ್ದು, ಆ ದೇಶದಲ್ಲಿ ಎಣಿಕೆಗೇ ಒಂದು ಕೆಟ್ಟ ಇತಿಹಾಸವಿದೆ. 1901ರಲ್ಲಿ ಜಾರಿಗೆ ಬಂದ ಸಂವಿಧಾನದ 127ನೇ ಕಲಮು, ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಅಬೊರಿಜಿನಲ್ ಜನರನ್ನು ಸೇರಿಸಕೂಡದು ಎಂದೇ ಹೇಳುತ್ತಿತ್ತು. ಅದನ್ನು ಕಿತ್ತುಹಾಕಿದ್ದು 1967ರ ಜನಮತಗಣನೆ. ಜನರನ್ನಾಗಿ ಎಣಿಸದ ಸರ್ಕಾರವೇ ಇನ್ನೊಂದು ಕಡೆ ಅವರ ಮನೆಮನೆಯ ಮೇಲೂ ಫೈಲು ಇಟ್ಟುಕೊಂಡಿತ್ತು, ಆ ಫೈಲುಗಳ ಬಲದ ಮೇಲೆ ಮಕ್ಕಳನ್ನು ತಾಯಂದಿರ ಮಡಿಲಿನಿಂದ ಎತ್ತಿಕೊಂಡು ಹೋಯಿತು. 1997ರ 'ಬ್ರಿಂಗಿಂಗ್ ದೆಮ್ ಹೋಮ್' ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಇವತ್ತಿಗೂ ಅಬೊರಿಜಿನಲ್ ಮಗು ಸರ್ಕಾರದ ಪಾಲನೆಯಲ್ಲಿರುವ ಸಂಭವ ಉಳಿದ ಮಕ್ಕಳಿಗಿಂತ ಸುಮಾರು 10 ಪಟ್ಟು. ಹೀಗಿರುವಾಗ ಆಸ್ಪತ್ರೆಯ ಕೌಂಟರಿನಲ್ಲಿ "ನೀವು ಅಬೊರಿಜಿನಲ್ ಅಥವಾ ಟಾರೆಸ್ ಸ್ಟ್ರೇಟ್ ದ್ವೀಪದ ಮೂಲದವರೇ?" ಎಂದು (ಟಾರೆಸ್ ಸ್ಟ್ರೇಟ್ ಎಂದರೆ ದೇಶದ ಉತ್ತರ ತುದಿಯ ದ್ವೀಪಗಳು, ಅಲ್ಲಿನವರೂ ಮೂಲನಿವಾಸಿಗಳೇ) ಕೇಳಿದರೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ತಾಯಿ ಹೌದು ಎನ್ನಲು ಹಿಂಜರಿಯುತ್ತಾಳೆ. ಫಾರ್ಮಿನಲ್ಲಿ 'ಹೇಳಿಲ್ಲ' ಎಂಬ ಜಾಗಕ್ಕೆ ಗುರುತು ಬೀಳುತ್ತದೆ. ಡೇಟಾ ಶುಚಿ ಮಾಡುವವರು ಅಂಥ ಸಾಲುಗಳನ್ನು ಸುಮ್ಮನೆ ಅಳಿಸಿಬಿಡುತ್ತಾರೆ. ನಾನು ಅವನ್ನು ಎಲ್ಲ ಟೇಬಲ್‌ಗಳಲ್ಲೂ ಬೇರೆಯೇ ಕಾಲಂ ಮಾಡಿ ತೋರಿಸುತ್ತಿದ್ದೆ. ಯಾವ ಊರಿನಲ್ಲಿ 'ಹೇಳಿಲ್ಲ' ಹೆಚ್ಚಾಗಿದೆಯೋ ಅಲ್ಲಿ ಕಚೇರಿಗಳ ಮೇಲೆ ಜನರಿಗೆ ನಂಬಿಕೆ ಎಷ್ಟಿದೆ ಎಂದು ವಿಚಾರಿಸಲು ಅದು ನಮಗೆ ದಾರಿಯಾಗುತ್ತಿತ್ತು.

ಈ ವಿಷಯ ಬಂದಾಗಲೆಲ್ಲ ಎದ್ದು ಬರುವ ಅಂಕಿ ಒಂದಿದೆ. 2014–15ರಲ್ಲಿ ಕೌಟುಂಬಿಕ ಹಿಂಸೆಯಿಂದ ಆಸ್ಪತ್ರೆ ಸೇರುವ ಸಂಭವ ಇತರ ಮಹಿಳೆಯರಿಗಿಂತ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪದ ಮಹಿಳೆಯರಿಗೆ 32 ಪಟ್ಟು ಇತ್ತು. ಸರ್ಕಾರದ ಆರೋಗ್ಯ ಮತ್ತು ಕಲ್ಯಾಣ ಸಂಸ್ಥೆ ಕೊಟ್ಟ ಲೆಕ್ಕ ಅದು. ಆದರೆ ಅದರೊಳಗೆ ಬರದೇ ಹೋದವರು ಯಾರೆಂದೂ ನೋಡಬೇಕು. ಎಮರ್ಜೆನ್ಸಿಯಲ್ಲಿ ಹೊಲಿಗೆ ಹಾಕಿಸಿಕೊಂಡು, ವಾರ್ಡಿಗೆ ದಾಖಲಾಗದೆ ಮನೆಗೆ ಹೋದವಳು ಈ ಲೆಕ್ಕದಲ್ಲಿಲ್ಲ. ದಾಖಲಾದರೂ ಹೊಡೆದವನು ಯಾರೆಂದು ಬಾಯಿ ಬಿಡದಿದ್ದರೆ ಆಸ್ಪತ್ರೆಯ ಕೋಡಿನಲ್ಲಿ ಹಲ್ಲೆ ಎಂದಷ್ಟೇ ಬರುತ್ತದೆ, ಹಲ್ಲೆ ಮಾಡಿದವನ ಜಾಗ 'ಗೊತ್ತಿಲ್ಲ' ಎಂದಾಗುತ್ತದೆ. ಅವಳೂ ಇದರಲ್ಲಿ ಇಲ್ಲ. ಪೊಲೀಸರು ಎಣಿಸುವುದು ಘಟನೆಗಳನ್ನು, ಆಸ್ಪತ್ರೆ ಎಣಿಸುವುದು ದಾಖಲಾತಿಗಳನ್ನು, ನಮ್ಮಂಥ ಸಂಸ್ಥೆಗಳು ಎಣಿಸುವುದು ಕೇಸುಗಳನ್ನು. ಇವನ್ನೆಲ್ಲ ಒಂದೇ ಗ್ರಾಫಿನಲ್ಲಿ ಕೂರಿಸಲು ನಾನು ಒಪ್ಪುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿದರೆ ಪ್ರತಿಯೊಂದರ ಕೆಳಗೂ ಏನನ್ನು ಎಣಿಸಿದ್ದು ಎಂದು ಒಂದು ಸಾಲು ಬರೆದು ಕೊಡುತ್ತಿದ್ದೆ.

ಟಾಸ್ಮೇನಿಯಾದ ಪಲಾವಾ ಸಮುದಾಯದ ಸಮಾಜಶಾಸ್ತ್ರಜ್ಞೆ ಮ್ಯಾಗಿ ವಾಲ್ಟರ್ ಒಂದು ಮಾತು ಹೇಳಿದ್ದಾರೆ: ಆದಿವಾಸಿಗಳ ಬಗ್ಗೆ ಸರ್ಕಾರ ಸಂಗ್ರಹಿಸುವ ಡೇಟಾ ಅಂತರ, ಅಭಾವ, ಹಿನ್ನಡೆ, ವೈಫಲ್ಯ, ಭಿನ್ನತೆ ಇಷ್ಟರ ಸುತ್ತಲೇ ಗಿರಕಿ ಹೊಡೆಯುತ್ತದೆ ಎಂದು. ನಮ್ಮ ಹಳೆಯ ಫಾರ್ಮನ್ನು ಮುಂದಿಟ್ಟುಕೊಂಡು ಕೂತಾಗ ಅದು ಅಕ್ಷರಶಃ ಕಂಡಿತು. ಆಕೆ ಕುಡಿಯುತ್ತಾಳೆಯೇ, ಕೆಲಸವಿದೆಯೇ, ಮನೆ ಇದೆಯೇ ಎಂಬ ಪ್ರಶ್ನೆಗಳು ಪುಟ ತುಂಬ ಇದ್ದವು. ಆಕೆ ಸಹಾಯ ಕೇಳಿಕೊಂಡು ಎಲ್ಲೆಲ್ಲಿ ಅಲೆದಳು, ಯಾರು ವಾಪಸ್ ಕಳಿಸಿದರು ಎಂಬ ಒಂದು ಪ್ರಶ್ನೆಯೂ ಇರಲಿಲ್ಲ. ಫಾರ್ಮು ಹೊಸದಾಗಿ ಮಾಡುವಾಗ ಸಂಸ್ಥೆಯ ಹಿರಿಯ ಮಹಿಳೆಯರ ಜೊತೆ ಕೂತು ಅವರಿಗೆ ಯಾವ ಉತ್ತರ ಬೇಕು ಎಂಬುದರಿಂದ ಶುರು ಮಾಡಿದೆವು. ಅವರನ್ನು ಎಲ್ಲರೂ ಆಂಟಿ ಎಂದೇ ಕರೆಯುವುದು. ಒಬ್ಬ ಆಂಟಿ ಹೇಳಿದರು: "ನೋಡಮ್ಮ, ಅವಳಿಗೇನು ಕಡಿಮೆ ಅಂತ ಸಾವಿರ ಸಲ ಬರೆದಿದ್ದಾರೆ. ಅವಳು ಫೋನ್ ಮಾಡಿದಾಗ ಯಾರು ಎತ್ತಲಿಲ್ಲ ಅಂತ ಬರಿ." ಆ ಮಾತಿನಿಂದ ಫಾರ್ಮಿಗೆ ಒಂದು ಇಡೀ ಭಾಗ ಬಂತು. ನಮ್ಮಲ್ಲಿಗೆ ಬರುವ ಮುಂಚೆ ಆಕೆ ಯಾರ ಬಳಿ ನೆರವು ಕೇಳಿದಳು, ಏನಾಯಿತು, ಆ ರಾತ್ರಿ ಎಲ್ಲಿ ಮಲಗಿದಳು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು ಕಾಲಂ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಪೊಲೀಸರು ಕೌಟುಂಬಿಕ ಹಿಂಸೆಯ ಕರೆಗೆ ಹೋದರೆ ಎಲ್‌17 ಎಂಬ ವರದಿ ತುಂಬುತ್ತಾರೆ. ಅದರಲ್ಲಿ ನೊಂದವರು ಯಾರು, ಎದುರಾಳಿ (ಅಂದರೆ ಹಿಂಸೆ ಮಾಡಿದವರು) ಯಾರು ಎಂದು ಬರೆಯಬೇಕು. ಮೈ ಕೈ ನೋವಿನಲ್ಲಿ, ಸಿಟ್ಟಿನಲ್ಲಿ ಕೂಗಾಡುತ್ತಿರುವ ಹೆಂಗಸು ಒಂದು ಕಡೆ, ಸಮಾಧಾನವಾಗಿ ಮಾತಾಡುವ ಗಂಡಸು ಇನ್ನೊಂದು ಕಡೆ ಇದ್ದರೆ ಎದುರಾಳಿಯ ಜಾಗದಲ್ಲಿ ಅವಳ ಹೆಸರು ಬೀಳುವುದುಂಟು. ಒಮ್ಮೆ ಬಿದ್ದರೆ ಆ ಹಣೆಪಟ್ಟಿ ಕೋರ್ಟಿಗೂ ಹೋಗುತ್ತದೆ, ಮಕ್ಕಳ ಇಲಾಖೆಗೂ ಹೋಗುತ್ತದೆ. ಕ್ವೀನ್ಸ್‌ಲ್ಯಾಂಡಿನ ಕೌಟುಂಬಿಕ ಹಿಂಸೆಯ ಸಾವುಗಳ ಪರಿಶೀಲನಾ ಮಂಡಳಿ 2016–17ರ ವರದಿಯಲ್ಲಿ ಹೇಳಿದ್ದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ: ಪರಿಶೀಲಿಸಿದ ಪ್ರಕರಣಗಳಲ್ಲಿ ಸತ್ತ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಹಿಂದೊಮ್ಮೆಯಾದರೂ ಎದುರಾಳಿ ಎಂದು ದಾಖಲಾಗಿದ್ದರು, ಸತ್ತ ಅಬೊರಿಜಿನಲ್ ಜನರಲ್ಲಂತೂ ಬಹುತೇಕ ಎಲ್ಲರೂ. ಆದ್ದರಿಂದ ನಾವು ಎರಡು ಕಾಲಂ ಇಟ್ಟೆವು. ಪೊಲೀಸರು ಆಕೆಯನ್ನು ಏನೆಂದು ಬರೆದರು ಎಂಬುದು ಒಂದು, ಇಡೀ ಕಥೆ ಕೇಳಿ ಕಡತ ಓದಿದ ಮೇಲೆ ನಮ್ಮ ವಕೀಲರ ಅಭಿಪ್ರಾಯ ಏನು ಎಂಬುದು ಇನ್ನೊಂದು. ಎರಡಕ್ಕೂ ತಾಳೆಯಾಗದ ಸಾಲುಗಳನ್ನು ಬೇರೆ ತೆಗೆದರೆ ತಪ್ಪು ಗುರುತಿನ ಪ್ರಕರಣಗಳು ಕಣ್ಣ ಮುಂದೆ ನಿಲ್ಲುತ್ತಿದ್ದವು. ದಿನಾಂಕವೂ ಇದ್ದದ್ದರಿಂದ ತಪ್ಪು ತಿದ್ದಲು ಎಷ್ಟು ಕಾಲ ಹಿಡಿಯಿತು, ಅಷ್ಟರಲ್ಲಿ ಮಕ್ಕಳು ಎಲ್ಲಿದ್ದರು ಎಂಬುದನ್ನೂ ಹೇಳಬಹುದಿತ್ತು. ಇಂಥ ಲೆಕ್ಕ ಸರ್ಕಾರಿ ಪೋರ್ಟಲ್‌ಗಳಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ.

ಹೊಡೆದವನ ಬಗ್ಗೆಯೂ ಇಂಥದೇ ಒಂದು ಕಾಲಂ ಬೇಕಾಗಿತ್ತು. ಅಬೊರಿಜಿನಲ್ ಮಹಿಳೆಯರ ಮೇಲೆ ಕೈ ಮಾಡುವವರಲ್ಲಿ ಎಲ್ಲ ಜನಾಂಗದ ಗಂಡಸರೂ ಇದ್ದಾರೆ. ಈ ಮಾತನ್ನು ಆ ಮಹಿಳೆಯರು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದಾರೆ. ದಾಖಲಿಸದೇ ಹೋದರೆ ಓದುವವನು ತನ್ನ ಮನಸ್ಸಿಗೆ ಬಂದದ್ದನ್ನು ತುಂಬಿಕೊಳ್ಳುತ್ತಾನೆ. ಆಕೆ ಹೇಳಲು ಒಪ್ಪಿದರೆ ಮಾತ್ರ ತುಂಬುವ ಕಾಲಂ ಎಂದು ಅದನ್ನು ಸೇರಿಸಿದೆವು.

ಇನ್ನು ಸಣ್ಣ ಸಂಖ್ಯೆಗಳ ಕಷ್ಟ. 2021ರ ಜನಗಣತಿಯ ಪ್ರಕಾರ ವಿಕ್ಟೋರಿಯಾದಲ್ಲಿ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ಜನ ಸುಮಾರು 66,000, ನೂರಕ್ಕೆ ಒಬ್ಬರು. ಸಣ್ಣ ಊರುಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಉದಾಹರಣೆಗೆ ಒಂದು ಊರಿನ ಸಾಲಿನಲ್ಲಿ 18–24ರ ವಯಸ್ಸಿಗೆ 7, 25–34ಕ್ಕೆ 11, 35–44ಕ್ಕೆ 3, ಅದಕ್ಕಿಂತ ಮೇಲಿನವರು 6, ಒಟ್ಟು 27 ಎಂದಿದೆ ಅನ್ನಿ. ಆ 3 ಯಾರೆಂದು ಊರಿಗೆ ಊರೇ ಹೇಳುತ್ತದೆ. ಐದಕ್ಕಿಂತ ಕಡಿಮೆ ಇದ್ದರೆ ಮುಚ್ಚಬೇಕು ಎಂಬ ನಿಯಮವಿಟ್ಟುಕೊಂಡು 3 ಮುಚ್ಚಿದರೂ ಸಾಲದು, 27ರಲ್ಲಿ ಉಳಿದದ್ದನ್ನು ಕಳೆದರೆ ಮತ್ತೆ 3 ಬರುತ್ತದೆ. ಹಾಗಾಗಿ 6ನ್ನೂ ಮುಚ್ಚಬೇಕು. ಆಮೇಲೆ ಕಾಲಂಗಳ ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ಹಿಡಿಯಬಹುದೇ ಎಂದು ಇನ್ನೊಮ್ಮೆ ನೋಡಬೇಕು. ಹೋದ ವರ್ಷದ ವರದಿಯ ಪಕ್ಕದಲ್ಲಿಟ್ಟೂ ನೋಡಬೇಕು. ಎಷ್ಟೋ ಸಲ ಊರುಗಳನ್ನು ಒಗ್ಗೂಡಿಸಿ ವಲಯ ಮಾಡುವುದೋ, ಮೂರು ವರ್ಷ ಸೇರಿಸಿ ಒಂದು ಟೇಬಲ್ ಮಾಡುವುದೋ ಲೇಸು. ಮುಚ್ಚುಗುರುತುಗಳೇ ತುಂಬಿದ ಟೇಬಲ್ ಯಾರಿಗೂ ಬೇಡ.

ಬೇರೆ ಬೇರೆ ಕಡೆಯ ದಾಖಲೆಗಳು ಒಬ್ಬರದ್ದೇ ಎಂದು ಜೋಡಿಸಲು ಬಳಸುವ ಗುರುತಿನ ಕೀಲಿಯದ್ದೂ ಇದೇ ಚಿಂತೆ. ಆಸ್ಟ್ರೇಲಿಯಾದಲ್ಲಿ ಮನೆಯಿಲ್ಲದವರಿಗಿರುವ ಸೇವೆಗಳಲ್ಲಿ ಎಸ್‌ಎಲ್‌ಕೆ-581 ಎಂಬ ಕೀಲಿ ಬಳಕೆಯಲ್ಲಿದೆ. ಮನೆತನದ ಹೆಸರಿನ 2, 3, 5ನೇ ಅಕ್ಷರ, ಸ್ವಂತ ಹೆಸರಿನ 2, 3ನೇ ಅಕ್ಷರ, ಎಂಟು ಅಂಕಿಯ ಜನ್ಮದಿನಾಂಕ, ಲಿಂಗಕ್ಕೆ ಒಂದು ಅಂಕಿ, ಒಟ್ಟು 14. ಹೆಸರು ಇಲ್ಲದ್ದರಿಂದ ಇದು ಸುರಕ್ಷಿತ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಐದು ಅಕ್ಷರ, ಜನ್ಮದಿನ ಕೊಟ್ಟರೆ ಸಣ್ಣ ಸಮುದಾಯದಲ್ಲಿ ಹೆಸರು ಹಿಡಿಯುವುದು ಕಷ್ಟವಲ್ಲ. ಅದನ್ನು ನೋಡುವ ಕಚೇರಿಯಲ್ಲಿ ಗಂಡನ ಕಡೆಯವರೇ ಇರಬಹುದು. ಅದೂ ಅಲ್ಲದೆ ತಪ್ಪಿಸಿಕೊಂಡು ಬಂದವಳು ಹೆಸರು ಬದಲಿಸಿಕೊಂಡಿದ್ದರೆ ಕೀಲಿಯೇ ಬದಲಾಗುತ್ತದೆ, ಲೆಕ್ಕದಲ್ಲಿ ಅವಳು ಇಬ್ಬರಾಗುತ್ತಾಳೆ. ನಮ್ಮ ಒಳಗಿನ ಕೆಲಸಕ್ಕೆ ಯಾವ ಅರ್ಥವೂ ಇಲ್ಲದ ನಂಬರ್ ಕೊಟ್ಟೆವು. ಒಪ್ಪಂದದಲ್ಲಿ ಕಡ್ಡಾಯವಿದ್ದ ವರದಿಗಳಿಗೆ ಮಾತ್ರ ಕೀಲಿ ತಯಾರಿಸಿ, ಅದನ್ನು ಬೇರೆ ಟೇಬಲ್‌ನಲ್ಲಿ ಇಟ್ಟು, ನೋಡುವ ಹಕ್ಕನ್ನು ತೀರಾ ಕೆಲವರಿಗೆ ಕೊಟ್ಟೆವು.

ಇಷ್ಟೆಲ್ಲ ಏಕೆ ಬೇಕಾಯಿತೆಂದರೆ ರಾಷ್ಟ್ರಮಟ್ಟದಲ್ಲಿ ಲೆಕ್ಕದ ಕೊರತೆ ಅಷ್ಟಿತ್ತು. ಮೂಲನಿವಾಸಿಗಳಿಗೂ ಉಳಿದವರಿಗೂ ಇರುವ ಅಂತರ ತಗ್ಗಿಸಲು ಮಾಡಿಕೊಂಡ 2020ರ 'ಕ್ಲೋಸಿಂಗ್ ದ ಗ್ಯಾಪ್' ಒಪ್ಪಂದದ 13ನೇ ಗುರಿ, ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ಮಹಿಳೆಯರು ಮತ್ತು ಮಕ್ಕಳ ಮೇಲಿನ ಕೌಟುಂಬಿಕ ಹಿಂಸೆಯನ್ನು 2031ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಸಬೇಕು ಎನ್ನುತ್ತದೆ. ಆಧಾರವಾಗಿ ಇಟ್ಟುಕೊಂಡದ್ದು 2018–19ರ ಒಂದು ಸಮೀಕ್ಷೆ. ಅದಾಗಿ ವರ್ಷಗಳು ಕಳೆದರೂ ಹೋಲಿಸಲು ಹೊಸ ಅಂಕಿಯಿಲ್ಲದೆ ಪ್ರಗತಿ ಹೇಳಲಾಗದು ಎಂದೇ ಅಧಿಕೃತ ಪುಟದಲ್ಲಿ ಬರುತ್ತಿತ್ತು. ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಮಹಿಳೆಯರು, ಮಕ್ಕಳ ಬಗ್ಗೆ ಸೆನೆಟ್ ಸಮಿತಿ ವಿಚಾರಣೆ ನಡೆಸಿ 2024ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಎಷ್ಟು ಮಂದಿ ಎಂಬ ಮೊದಲ ಪ್ರಶ್ನೆಗೇ ನೆಟ್ಟಗೆ ಉತ್ತರವಿಲ್ಲದ ಸ್ಥಿತಿ ಅಲ್ಲಿಯೂ ಕಂಡಿತು. ಇದನ್ನು ಓದುವಾಗ ನನಗೆ ಬರುವ ಸಿಟ್ಟನ್ನು ಮುಚ್ಚಿಡುವುದಿಲ್ಲ. ದನಕರುಗಳ ಲೆಕ್ಕ ತಪ್ಪದೆ ಇಡುವ ದೇಶ ಅದು.

ನಮ್ಮಲ್ಲಿ ಯಾವ ಅಂಕಿಯೂ ಹಿರಿಯರು ನೋಡುವ ಮುಂಚೆ ಹೊರಗೆ ಹೋಗುತ್ತಿರಲಿಲ್ಲ. ಟೇಬಲನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡುತ್ತಿದ್ದೆ. ಒಂದು ವಲಯದಲ್ಲಿ ಕೇಸುಗಳು ಇಳಿದಿದ್ದನ್ನು ಕಂಡು ನಾನು ಏನೋ ಕಾರಣ ಊಹಿಸಲು ಹೊರಟಾಗ, ಆಂಟಿಯೊಬ್ಬರು ಬೆರಳಿಟ್ಟು ಹೇಳಿದರು: "ಆ ತಿಂಗಳುಗಳಲ್ಲಿ ಅಲ್ಲಿ ಸಾವಿನ ಮೇಲೆ ಸಾವು. ಊರೆಲ್ಲ ಸೂತಕದಲ್ಲಿತ್ತು, ಕಚೇರಿಗೆ ಬರುವವರು ಯಾರು?" ಅವರ ಮಾತನ್ನು ಟೇಬಲ್ ಕೆಳಗೆ ಟಿಪ್ಪಣಿಯಾಗಿ ಹಾಗೆಯೇ ಸೇರಿಸಿದೆವು. ಹಿರಿಯರು ಬೇಡವೆಂದ ಟೇಬಲ್‌ಗಳೂ ಇದ್ದವು. ಅವನ್ನು ಕೈಬಿಟ್ಟೆವು, ಕಾರಣ ಬರೆದು ಕೊಡಿ ಎಂದು ನಾನು ಕೇಳಲಿಲ್ಲ. ಒಬ್ಬ ಮಹಿಳೆ ತನ್ನ ವಿವರವನ್ನು ಲೆಕ್ಕದಿಂದ ತೆಗೆಯಿರಿ ಎಂದರೂ ತೆಗೆಯುತ್ತಿದ್ದೆವು, ಅದಕ್ಕೆ ಅವಳ ಕೇಸಿನ ಕೆಲಸ ನಿಲ್ಲುತ್ತಿರಲಿಲ್ಲ.

ನಾನು ಬಿಡುವ ಹೊತ್ತಿಗೆ ಈ ಕೆಲಸವನ್ನು ಸಂಸ್ಥೆಯ ಇಬ್ಬರು ಯುವತಿಯರೇ ಮಾಡುತ್ತಿದ್ದರು. ಇಬ್ಬರೂ ಅಬೊರಿಜಿನಲ್ ಸಮುದಾಯದವರೇ. ಕ್ವೆರಿಗಳನ್ನು ಅವರ ಜೊತೆ ಕೂತೇ ಬರೆದಿದ್ದರಿಂದ ಕೊನೆಗೆ ಬಿಟ್ಟುಕೊಡಲು ಪಾಸ್‌ವರ್ಡುಗಳು ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ. ಈಗ ಅವರು ತಲೆ ಕೊಟ್ಟಿರುವುದು ಆಶ್ರಯಮನೆಗಳ ಪ್ರಶ್ನೆಗೆ: ಜಾಗವಿಲ್ಲವೆಂದು ವಾಪಸ್ ಕಳಿಸಿದ ರಾತ್ರಿಗಳು ಎಷ್ಟು, ಜೊತೆಯಲ್ಲಿ ಮಕ್ಕಳೆಷ್ಟು. ಅದಕ್ಕೆ ಬೇಕಾದ ಕಾಲಂಗಳನ್ನು ಅವರೇ ಗೊತ್ತುಮಾಡಿದ್ದಾರೆ.