ಬಂದವರು ಯಾರು, ಉಂಡವರು ಯಾರು? ಉದ್ದ ವಾಕ್ಯದಲ್ಲಿ ಕರ್ತೃವನ್ನು ಹಿಡಿಯುವುದು ಹೀಗೆ

ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ನಾಮಪದಗಳ ಗೊಡವೆ ಸದ್ಯಕ್ಕೆ ಬೇಡ. ‘ಮೊದಲು ಬಂದ ನಾಮಪದವೇ ಕರ್ತೃ’ ಎಂಬ ಗೈಡ್ ಸೂತ್ರ ‘ರವಿಗೆ ಜ್ವರ ಬಂತು’ ಎಂಬಲ್ಲೇ ಮುಗ್ಗರಿಸುತ್ತದೆ. ‘ಬಂತು’ ಹೊಂದಿಕೊಂಡಿರುವುದು ಜ್ವರಕ್ಕೆ, ರವಿಗಲ್ಲ.

ಮುಂದೆ, ಆಖ್ಯಾತ ಪ್ರತ್ಯಯ, ಅಂದರೆ ಕರ್ತೃ ನಾನೋ ನೀನೋ ಅವಳೋ ಎಂದು ತೋರಿಸುವ ಬಾಲ, ಇರುವ ಕ್ರಿಯಾಪದಗಳನ್ನು ಬೇರೆ ಮಾಡಿ. ‘ಬಂದಳು’, ‘ಬರುತ್ತೇನೆ’ ಇವಕ್ಕೆ ಇದೆ. ‘ಬಂದು’, ‘ಬಂದರೆ’, ‘ಬರಲಿಲ್ಲ’ ಇವಕ್ಕೆ ಇಲ್ಲ. ‘ಬಂದ ಹುಡುಗಿ’ಯಲ್ಲಿರುವ ‘ಬಂದ’ಕ್ಕೂ ಇಲ್ಲ, ಅದನ್ನು ‘ಅವನು ಬಂದ’ದ ಜೊತೆ ಸೇರಿಸಬೇಡಿ.

‘ಬಂದು’ ತನ್ನ ಕರ್ತೃವನ್ನು ಮುಖ್ಯ ಕ್ರಿಯಾಪದದಿಂದ ಸಾಲ ಪಡೆಯುತ್ತದೆ: ‘ಗೌರಿ ಬಂದು ಉಂಡಳು’. ಬಂದವಳು ಗೌರಿ, ಉಂಡವನು ರವಿ ಆದರೆ ‘ಗೌರಿ ಬಂದ ಮೇಲೆ ರವಿ ಉಂಡ’ ಎನ್ನಬೇಕು. ‘ಮಳೆ ಬಂದು ಬೆಳೆ ಕೊಳೆಯಿತು’ ಸರಿಯೇ. ಅಲ್ಲಿ ಯಾರ ಇಚ್ಛೆಯೂ ಇಲ್ಲ, ಒಂದು ಕಾರಣ, ಒಂದು ಪರಿಣಾಮ ಅಷ್ಟೆ. ಕರ್ತೃ ಅದೇ ಉಳಿಯಿತೋ ಬದಲಾಯಿತೋ ಎಂದು ಹೇಳಲು ಕ್ರಿಯಾಪದಕ್ಕೇ ಬೇರೆ ಬೇರೆ ಪ್ರತ್ಯಯ ಹಚ್ಚುವ ಭಾಷೆಗಳೂ ಇವೆ. ಅಮೆರಿಕದ ಮೂಲನಿವಾಸಿ ಭಾಷೆಗಳಲ್ಲಿ ಇದನ್ನು ಗುರುತಿಸಿ 1967ರಲ್ಲಿ ಹೆಸರಿಟ್ಟವರು ಭಾಷಾವಿಜ್ಞಾನಿ ವಿಲಿಯಂ ಜೇಕಬ್ಸನ್.

ಹೆಚ್ಚಿನವರು ಎಡವುವುದು ‘ಎಂದು’, ‘ಎಂದ’ ಬಂದಾಗ. ಇಲ್ಲಿ ಅವಸರ ಬೇಡ. ಒಂದೇ ವಾಕ್ಯ ಬರೆದು, ಒಳಗಿನ ಪ್ರತ್ಯಯ ಮಾತ್ರ ಬದಲಿಸಿ ನೋಡಿ:

ರವಿ ಗೌರಿಗೆ ನಾಳೆ ಬರುತ್ತೇನೆ ಎಂದ.
ರವಿ ಗೌರಿಗೆ ನಾಳೆ ಬರುತ್ತೀಯ ಎಂದ.
ರವಿ ಗೌರಿಗೆ ನಾಳೆ ಬರುತ್ತಾಳೆ ಎಂದ.

ಮೊದಲನೆಯದರಲ್ಲಿ ಬರುವವನು ರವಿ, ಎರಡನೆಯದರಲ್ಲಿ ಗೌರಿ, ಮೂರನೆಯದರಲ್ಲಿ ಇವರಿಬ್ಬರೂ ಅಲ್ಲದ ಇನ್ನೊಬ್ಬಳು. ಒಳವಾಕ್ಯದ ‘ನಾನು’ ಎಂದರೆ ಹೇಳಿದವನು, ‘ನೀನು’ ಎಂದರೆ ಕೇಳಿಸಿಕೊಂಡವಳು. ಬರೆಯುವವರೂ ಓದುವವರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ಮೊದಲ ವಾಕ್ಯಕ್ಕೆ ‘ತಾನು’ ಸೇರಿಸಿ: ‘ತಾನು ಬರುತ್ತೇನೆ ಎಂದ’. ಸರ್ವನಾಮ ಪ್ರಥಮ ಪುರುಷ (‘ಅವನು’ ಇರುವ ಗುಂಪು), ಕ್ರಿಯಾಪದ ಉತ್ತಮ ಪುರುಷ (‘ನಾನು’ ಇರುವ ಗುಂಪು). ತಪ್ಪೆಂದು ಇದನ್ನು ‘ತಾನು ಬರುತ್ತಾನೆ’ ಎಂದು ತಿದ್ದುವವರಿದ್ದಾರೆ. ದಯವಿಟ್ಟು ತಿದ್ದಬೇಡಿ. ‘ತಾನು’ ಹೊರಗಿನ ರವಿಯತ್ತ ಕೈ ತೋರಿಸುತ್ತದೆ, ಪ್ರತ್ಯಯ ರವಿಯ ಬಾಯಿಯ ಮಾತನ್ನು ಉಳಿಸಿಕೊಂಡಿದೆ. ‘ತಾನು’ ಥರದ ಆತ್ಮಾರ್ಥಕ ಪದ ತನ್ನದೇ ಉಪವಾಕ್ಯದೊಳಗೆ ಒಡೆಯನನ್ನು ಹುಡುಕಿಕೊಳ್ಳಬೇಕೆಂದು ಭಾಷಾವಿಜ್ಞಾನಿ ಚಾಮ್‌ಸ್ಕಿ 1981ರಲ್ಲಿ ಹಾಕಿದ ಬೇಲಿಯನ್ನು ‘ತಾನು’ ಹೀಗೆ ಸಲೀಸಾಗಿ ದಾಟುತ್ತದೆ. ‘ಅವನು’ ಎಂದು ಹಾಕಿದರೆ ಓದುಗರು ಬೇರೊಬ್ಬನನ್ನು ಹುಡುಕುತ್ತಾರೆ.

ಸುದ್ದಿ ಬರೆಯುವವರಿಗೆ ಅಡ್ಡದಾರಿಯೂ ಉಂಟು. ‘ಬರುವುದಾಗಿ ಹೇಳಿದ’ ಎಂದರೆ ಬರುವವನು ಹೇಳಿದವನೇ. ‘ಬರುವಂತೆ ಹೇಳಿದ’ ಎಂದರೆ ಕೇಳಿಸಿಕೊಂಡವಳು. ‘ಬರುವ ಬಗ್ಗೆ ಹೇಳಿದ’ ಎಂಬುದನ್ನು ಮಾತ್ರ ಹೊಡೆದುಹಾಕಿ. ಅದರಲ್ಲಿ ಪ್ರತ್ಯಯವೂ ಇಲ್ಲ, ದಿಕ್ಕೂ ಇಲ್ಲ. ವರದಿಗಾರರಿಗೆ ಫೋನ್ ಮಾಡಿ ಬರುವವರು ಯಾರೆಂದು ಕೇಳುವುದೇ ದಾರಿ.